ನೇರಪ್ಪ ಎಳೆದ ಕೆಂಪು ಗೆರೆ

ಬೋರ್ಡು ಬರೆಯುವ ಆ ಮನುಷ್ಯನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಬೀದಿಗೆ ಬೀದಿಯೇ ಅವನನ್ನು ನೇರಪ್ಪ ಎನ್ನುತ್ತಿತ್ತು. ಸೊಟ್ಟಗಿರುವುದು ಏನು ಕಂಡರೂ ಅವನಿಗೆ ಮೈಯೆಲ್ಲ ತುರಿಕೆ. ಯಾರ ಮನೆಗೆ ಹೋದರೂ ಕ್ಷೇಮಸಮಾಚಾರ ಕೇಳುವ ಮೊದಲು ಗೋಡೆಯ ಮೇಲಿನ ಫೋಟೋ ಸರಿಮಾಡುತ್ತಿದ್ದ. ಸಾವಿನ ಮನೆಗೆ ಹೋದಾಗಲೂ ಬಾಗಿಲಾಚೆ ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ, ಆಮೇಲೆ ಒಳಗೆ ಹೋಗಿ ಅತ್ತವನು ಅವನು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಬೈತಲೆ ಕೂದಲೆಳೆಯಷ್ಟು ಎಡಕ್ಕಿದೆ ಎಂದು ಹೇಳಿ, ಮೂರು ದಿನ ಮಾತಿಲ್ಲದ ಊಟ ಉಂಡನಂತೆ. ಈ ಸುದ್ದಿ ಹೊರಬಿದ್ದದ್ದು ಹೆಂಡತಿಯ ಬಾಯಿಂದಲೇ ಆದ್ದರಿಂದ ನಂಬಬೇಕಾಗುತ್ತದೆ.

ಕಸುಬಿನಲ್ಲಿ ಅವನಿಗೊಂದು ನೇಮವಿತ್ತು. ತಾನು ಬರೆದದ್ದನ್ನು ತಾನು ಓದುತ್ತಿರಲಿಲ್ಲ. ಓದಿದರೆ ಮನಸ್ಸು ಅರ್ಥದ ಕಡೆ ಹೋಗುತ್ತದೆ, ಮನಸ್ಸು ಅತ್ತ ಹೋದರೆ ಕುಂಚ ಇತ್ತ ಜಾರುತ್ತದೆ ಎಂಬುದು ಅವನ ವಾದ. ಅಕ್ಷರವೆಂದರೆ ಅವನ ಪಾಲಿಗೆ ಒಂದು ಆಕಾರ, ಅಷ್ಟೆ. ‘ಇಲ್ಲಿ ಹಾಲು ಸಿಗುತ್ತದೆ’ ಎಂಬುದನ್ನೂ ‘ನಾಯಿ ಇದೆ, ಎಚ್ಚರಿಕೆ’ ಎಂಬುದನ್ನೂ ಒಂದೇ ಭಕ್ತಿಯಿಂದ ಬರೆಯುತ್ತಿದ್ದ. ಒಮ್ಮೆ ಹಲ್ಲಿನ ಡಾಕ್ಟರ ಬೋರ್ಡನ್ನು ಬೀಗ ರಿಪೇರಿಯವನ ಅಂಗಡಿಗೂ, ಬೀಗದವನ ಬೋರ್ಡನ್ನು ಡಾಕ್ಟರ ಬಾಗಿಲಿಗೂ ತಗುಲಿಹಾಕಿ ಬಂದಿದ್ದ. ಇಬ್ಬರೂ ಕೂಗಾಡುತ್ತಾ ಬಂದಾಗ, ಎರಡೂ ಎಷ್ಟು ನೇರವಾಗಿ ಕೂತಿವೆ ಅದನ್ನು ಮೊದಲು ನೋಡಿ ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡ.

ಇಂಥವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವನ ಅಕ್ಕ. ಅವನಿಗಿಂತ ಹನ್ನೆರಡು ವರ್ಷಕ್ಕೆ ಹಿರಿಯಳು. ಮೊದಲನೆಯ ಕುಂಚ ಕೊಡಿಸಿದವಳೂ ಅವಳೇ. ಗಂಡ ತೀರಿಹೋದ ಮೇಲೆ ಅದೇ ಬೀದಿಯ ನಡುಭಾಗದಲ್ಲಿ, ಅಪ್ಪ ಕಟ್ಟಿಸಿದ ಮನೆಯಲ್ಲಿ ಹೊಲಿಗೆ ಯಂತ್ರದ ಜೊತೆ ಒಬ್ಬಳೇ ಇದ್ದಳು. ಅಪ್ಪ ಯಾವ ಕಾಲದಲ್ಲೋ ಅಂಗಡಿ ಇಡುತ್ತೇನೆಂದು ಮನೆಯ ಮುಂದೆ ಒಂದು ಕೋಣೆಯನ್ನು ಬೀದಿಯ ಕಡೆಗೆ ಚಾಚಿ ಕಟ್ಟಿಸಿದ್ದ. ಅಂಗಡಿ ಆಗಲಿಲ್ಲ, ಕೋಣೆ ಉಳಿಯಿತು. ಆ ಕೋಣೆಗೆ ಒಂದು ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ಯಂತ್ರ. ಹಿಂದಿನ ಎರಡು ಕೋಣೆಗಳಲ್ಲಿ ಹಗಲು ಹೊತ್ತಿನಲ್ಲೂ ಕೈ ಚಾಚಿ ತಡಕಾಡಬೇಕು. ಅಕ್ಕನ ಕಣ್ಣು ಮಂಜಾಗುತ್ತಾ ಬಂದು, ದೀಪದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವುದು ಅವಳಿಂದ ಆಗುತ್ತಿರಲಿಲ್ಲ. ಆ ಕಿಟಕಿಯ ಬೆಳಕಿದ್ದರೆ ಅವಳಿಗೆ ಕೆಲಸ, ಕೆಲಸವಿದ್ದರೆ ಊಟ.

ಹೀಗಿರುವಾಗ ಪುರಸಭೆಯವರು ಬೀದಿಯನ್ನು ಅಗಲ ಮಾಡಲು ಹೊರಟರು. ಅಳತೆಯವನೊಬ್ಬ ಟೇಪು ಹಿಡಿದು ಬಂದು, ಬೀದಿಯ ಎರಡೂ ಬದಿಯಲ್ಲಿ ಮೆಟ್ಟಿಲು ಜಗಲಿಗಳ ಮೇಲೆ ಹಾಯುವಂತೆ ಸೀಮೆಸುಣ್ಣದ ಗೆರೆ ಎಳೆದ. ಗೆರೆಯಿಂದ ಬೀದಿಯ ಕಡೆಗಿದ್ದದ್ದೆಲ್ಲ ರಸ್ತೆಗೆ ಹೋಗುತ್ತದೆ, ಮನೆಯ ಕಡೆಗಿದ್ದದ್ದು ಉಳಿಯುತ್ತದೆ. ಅಕ್ಕನ ಮನೆಯ ಹತ್ತಿರ ಗೆರೆ ಅವಳ ಮುಂದಿನ ಕೋಣೆಯನ್ನು ಬಳಸಿಕೊಂಡು ಹೋಗಿ ಮತ್ತೆ ಸಾಲಿಗೆ ಸೇರಿತ್ತು. ಅಲ್ಲಿ ಕಡಿಮೆಯಾದ ಅಗಲವನ್ನು ಎದುರು ಬದಿಯಲ್ಲಿ ತುಂಬಿಕೊಳ್ಳಲು, ಔಷಧಿ ಅಂಗಡಿಯ ಮುಂದೆ ಗೆರೆ ಒಳಕ್ಕೆ ಬಾಗಿ ಅಂಗಡಿಯ ಜಗಲಿಯನ್ನು ನುಂಗಿತ್ತು. ಎರಡು ಗಳಿಗೆ ಅಕ್ಕನ ಕಿಟಕಿಯ ಕಟ್ಟೆಗೆ ಒರಗಿ ನೀರು ಕುಡಿದು, ಅಳತೆಯವನು ಹೊರಟುಹೋದ. ಆ ವಾರವೇ ಅವನಿಗೆ ದೂರದ ಊರಿಗೆ ವರ್ಗವೂ ಆಯಿತು.

ಸೀಮೆಸುಣ್ಣ ಅಳಿಸಿಹೋಗುವ ಮೊದಲು ಅದರ ಮೇಲೆ ಕೆಂಪು ಬಣ್ಣ ಹೊಡೆಯಬೇಕಿತ್ತು. ಪುರಸಭೆಯಿಂದ ನೇರಪ್ಪನಿಗೆ ಕರೆ ಬಂತು. ಸರ್ಕಾರದ ಕೆಲಸವೆಂದು ಅವನು ಅಂದು ಮದುವೆಯ ಅಂಗಿ ತೊಟ್ಟು, ಅದರ ಮೇಲೆ ಹಳೆಯ ಅಂಗಿ ತೊಟ್ಟು ಹೊರಟ. ಬೀದಿಯ ತುದಿಯಲ್ಲಿ ನಿಂತು ಸೀಮೆಸುಣ್ಣದ ಗೆರೆಯನ್ನು ನೋಡಿದವನೇ ಹಣೆ ಚಚ್ಚಿಕೊಂಡ. ಗೆರೆ ಮೂವತ್ತು ಮನೆಗಳಷ್ಟು ದೂರ ಒಂದೇ ಸಮನೆ ಬಂದು, ಅಲ್ಲೊಂದು ಕಡೆ ಥಟ್ಟನೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಎದುರು ಬದಿಯಲ್ಲೂ ಅದೇ ಅವಾಂತರ. ಅಳತೆಯವನಿಗೆ ಬಿಸಿಲು ತಲೆಗೇರಿದೆ, ಪಾಪ, ಎಂದು ನೇರಪ್ಪ ತೀರ್ಮಾನಿಸಿದ.

ಆಮೇಲೆ ಅವನು ಮಾಡಿದ್ದು ತನ್ನ ಕಸುಬಿನ ಪದ್ಧತಿಯನ್ನು. ಬೋರ್ಡು ಬರೆಯುವವರು ನೇರ ಗೆರೆ ಬೇಕಾದರೆ ಅಳತೆಪಟ್ಟಿ ಹಿಡಿಯುವುದಿಲ್ಲ. ದಾರಕ್ಕೆ ನೀಲಿ ಪುಡಿ ಹಚ್ಚಿ, ಎರಡು ತುದಿಯಲ್ಲಿ ಬಿಗಿಯಾಗಿ ಕಟ್ಟಿ, ನಡುವೆ ಎತ್ತಿ ಪಟ್ಟನೆ ಬಿಡುತ್ತಾರೆ. ಗೆರೆ ತಾನೇ ಬೀಳುತ್ತದೆ. ಅದಕ್ಕೂ ಮೊದಲು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ನೇರಪ್ಪ ಬೀದಿಯನ್ನೇ ಒಂದು ಹಲಗೆ ಎಂದು ಭಾವಿಸಿದ. ಎರಡು ತುದಿಯ ಗುರುತು ಮಾತ್ರ ಇಟ್ಟುಕೊಂಡು ನಡುವಿನ ಸೀಮೆಸುಣ್ಣವನ್ನೆಲ್ಲ ಒರೆಸಿದ, ದಾರ ಬಿಗಿದ, ಪಟ್ ಎಂದು ಬಿಟ್ಟ. ದಾರ ಹೋಗಿ ಅಕ್ಕನ ಕೋಣೆಯ ಪಕ್ಕದ ಗೋಡೆಗೆ ತಾಗಿತು. ಗೆರೆ ಕಡಿದುಹೋದರೆ ಚೆಂದ ಕೆಡುತ್ತದೆಂದು ಆ ಗೋಡೆಯ ಮೇಲೆ ಆಳೆತ್ತರಕ್ಕೆ ಗೆರೆ ಹತ್ತಿಸಿ, ಆಚೆಯ ಗೋಡೆಯಲ್ಲಿ ಇಳಿಸಿ, ಮತ್ತೆ ನೆಲಕ್ಕೆ ತಂದು ಮುಂದುವರಿಸಿದ. ಎದುರು ಬದಿಯಲ್ಲೂ ಹೀಗೆಯೇ ಮಾಡಿ, ನೀಲಿಯ ಮೇಲೆ ಕೆಂಪು ಬಳಿಯುತ್ತಾ ಹೋದ. ಗೆರೆ ಏನು ಹೇಳುತ್ತಿದೆ ಎಂದು ಅವನು ಓದಲಿಲ್ಲ. ಓದುವ ಅಭ್ಯಾಸ ಇರಲಿಲ್ಲವೆಂದು ಆಗಲೇ ಹೇಳಿದ್ದೇನೆ.

ಕೆಲಸ ಮುಗಿಯುವ ಮೊದಲೇ ಜನ ಸೇರಿದರು. ನಿವಾಸಿಗಳ ಸಂಘದ ಅಧ್ಯಕ್ಷರಾಗಿದ್ದ ನಿವೃತ್ತ ಮೇಷ್ಟ್ರು ಒಂದು ಕಣ್ಣು ಮುಚ್ಚಿ, ಬಗ್ಗಿ ನೋಡಿ, ತಮ್ಮ ಜೀವಮಾನದಲ್ಲಿ ನೇರವಾದ ಸರ್ಕಾರಿ ಕೆಲಸ ಇದೊಂದೇ ಎಂದು ಘೋಷಿಸಿದರು. ಔಷಧಿ ಅಂಗಡಿಯವರಂತೂ ಅಂಗಡಿ ಬಿಟ್ಟು ಹೊರಬಂದು, ಗೆರೆಯನ್ನು ಒಂದು ಸಲ, ತಮ್ಮ ಜಗಲಿಯನ್ನು ಒಂದು ಸಲ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು ನೇರಪ್ಪನ ಕೈ ಕುಲುಕಿದರು. ಕಲೆಗೆ ಕರಗುವ ಇಂಥ ಹೃದಯ ಮಾತ್ರೆ ಮಾರುವವರಲ್ಲೂ ಇದೆಯಲ್ಲ ಎಂದು ನೇರಪ್ಪ ಬೆರಗಾದ. ಸಂಜೆ ಹೆಂಡತಿಯನ್ನು ಕರೆತಂದು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ತೋರಿಸಿದ. ಅವಳು, ಮನೆಯಲ್ಲಿ ನಲ್ಲಿ ಸೋರುತ್ತಿದೆ, ಅದನ್ನು ಯಾವಾಗ ನೋಡುತ್ತೀರಿ ಎಂದು ಕೇಳಿದಳು.

ಒಂದು ತಿಂಗಳ ಮೇಲೆ ಅಕ್ಕನಿಗೆ ಕಾಗದ ಬಂತು. ಸರ್ಕಾರಿ ಕಾಗದವೆಂದರೆ ಅವಳು ತಮ್ಮನನ್ನೇ ಕರೆಯುತ್ತಿದ್ದಳು. ನೇರಪ್ಪ ಬಂದು ಮೊದಲು ಸಾಲುಗಳು ಸಮವಾಗಿವೆಯೇ ಎಂದು ನೋಡಿದ. ಆಮೇಲೆ ಅಕ್ಕ ಏನಂತೆ ಎಂದು ಕೇಳಿದಳೆಂದು ಓದಿದ. ರಸ್ತೆ ಗುರುತಿನೊಳಗೆ ಬರುವ ಮುಂಭಾಗದ ಕೋಣೆಯನ್ನು ಪೂರ್ತಿಯಾಗಿ ತೆರವು ಮಾಡತಕ್ಕದ್ದು ಎಂದಿತ್ತು. ಅವನು ಮತ್ತೊಮ್ಮೆ ಓದಿದ. ಕಿಟಕಿಯಿಂದ ತಲೆ ಹೊರಹಾಕಿ ಗೋಡೆಯ ಮೇಲಿನ ತನ್ನ ಗೆರೆಯನ್ನು ನೋಡಿದ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅವನು ತಾನು ಬರೆದದ್ದನ್ನು ಓದಿದ್ದ.

ಅಕ್ಕ ಅವನ ಮುಖ ನೋಡುತ್ತಾ ಕೂತಿದ್ದಳು. ಏನೋ ಸಣ್ಣ ಎಡವಟ್ಟಾಗಿದೆ, ನಾನು ಸರಿಮಾಡಿಸುತ್ತೇನೆ, ನೀನು ಹೊಲಿಯುತ್ತಿರು ಎಂದು ಹೇಳಿ ಅವನು ಅಲ್ಲಿಂದ ಕಾಲ್ತೆಗೆದ. ತಾನೇ ಮಾಡಿದ್ದು ಎಂದು ಹೇಳಲು ಬಾಯಿ ಬರಲಿಲ್ಲ.

ಮರುದಿನ ಪುರಸಭೆಗೆ ಹೋದ. ಇಂಜಿನಿಯರ ಕೋಣೆಯಲ್ಲಿ ಕುರ್ಚಿಗಳಿಗಿಂತ ಫೈಲುಗಳೇ ಹೆಚ್ಚು ಅನುಕೂಲವಾಗಿ ಕೂತಿದ್ದವು. ನೇರಪ್ಪ ನಿಂತೇ ಇದ್ದು, ಗೆರೆ ಎಳೆದವನು ತಾನೆಂದು ಹೇಳಿದ. ಇಂಜಿನಿಯರು ಎದ್ದು ನಿಂತು ಅವನ ಬೆನ್ನು ತಟ್ಟಿದರು. ಇಂಥ ಗೆರೆಯನ್ನು ತಾವು ಕಾಲೇಜಿನ ಪುಸ್ತಕದಲ್ಲಿ ಮಾತ್ರ ನೋಡಿದ್ದಾಗಿಯೂ, ಬೇರೆ ಮೂರು ಬೀದಿಗಳ ಗೆರೆಯನ್ನೂ ಅವನ ಕೈಯಿಂದಲೇ ಎಳೆಸುವುದಾಗಿಯೂ ಹೇಳಿದರು. ಗೆರೆ ತಪ್ಪಾಗಿದೆ, ಮೂಲ ನಕ್ಷೆ ತೆಗೆದು ನೋಡಿ ಎಂದು ನೇರಪ್ಪ ಬೇಡಿಕೊಂಡ. ಇಂಜಿನಿಯರು ನಕ್ಷೆಯನ್ನು ಹರಡಿದರು. ನಕ್ಷೆಯಲ್ಲಿ ಗೆರೆ ಅಲಗಿನಂತೆ ನೇರವಾಗಿತ್ತು. ಹಳೆಯದರಲ್ಲಿ ಏನೋ ಡೊಂಕು ಇತ್ತಂತೆ. ಜಾಗಕ್ಕೆ ಬಂದು ನೋಡಿದಾಗ ನೆಲದ ಮೇಲೆ ಡೊಂಕಿರಲಿಲ್ಲ. ಹಾಗಾಗಿ ನಕ್ಷೆಯನ್ನು ತಿದ್ದಿ, ಮೇಲಿನವರ ರುಜು ಹಾಕಿಸಿ, ಹಳೆಯದನ್ನು ರದ್ದು ಮಾಡಿದ್ದರು.

ನೇರಪ್ಪ ಕಕ್ಕಾಬಿಕ್ಕಿಯಾದ. ಗೆರೆ ಸರಿಯೋ ತಪ್ಪೋ ಎಂದು ನಕ್ಷೆಯನ್ನು ಕೇಳಲು ಬಂದರೆ, ನಕ್ಷೆ ಅವನ ಗೆರೆಯನ್ನೇ ಸಾಕ್ಷಿಗೆ ಕರೆದಿತ್ತು. ಆಕ್ಷೇಪಣೆ ಇದ್ದರೆ ಬರುವ ಭಾನುವಾರ ಶಾಲೆಯ ಸಭಾಂಗಣದಲ್ಲಿ ನಿವಾಸಿಗಳ ಸಭೆ ಇದೆ, ಅಲ್ಲಿ ಹೇಳಬಹುದು ಎಂದು ಇಂಜಿನಿಯರು ಅವನಿಗೆ ಬಾಗಿಲು ತೋರಿಸಿದರು.

ಸಭೆಯಲ್ಲಿ ಮಾತಾಡುವುದೆಂದರೆ ನೇರಪ್ಪನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಬರೆದುಕೊಂಡು ಹೋಗಿ ಎಂದು ಹೆಂಡತಿ ಸಲಹೆ ಕೊಟ್ಟಳು. ಅವಳು ಹೇಳಿದ್ದು ಕಾಗದದ ಮೇಲೆ. ಆದರೆ ಅವನಿಗೆ ಬರೆಯುವುದೆಂದರೆ ಬೋರ್ಡು ಬರೆಯುವುದು. ಎರಡು ದಿನ ಕೂತು, ಮೂರಡಿ ಹಲಗೆಯ ಮೇಲೆ, ಹಳದಿ ನೆಲಕ್ಕೆ ಕಪ್ಪು ಅಕ್ಷರ, ಅಕ್ಷರಕ್ಕೆ ನೆರಳು, ಸುತ್ತ ಅಂಚು ಎಲ್ಲ ಕೊಟ್ಟು, ‘ಗೆರೆ ನನ್ನದು, ತಪ್ಪು ನನ್ನದು’ ಎಂದು ಬರೆದ. ಭಾನುವಾರ ಅದನ್ನು ಹೆಗಲ ಮೇಲೆ ಹೊತ್ತು ಹೆಂಡತಿಯೊಂದಿಗೆ ಸಭೆಗೆ ನಡೆದ. ಹಿಂದಿನ ಸಾಲಿನಲ್ಲಿ ಅಕ್ಕ ಬಂದು ಕೂತಿದ್ದಳು.

ಸಭೆ ವೈಭವದಿಂದ ನಡೆಯಿತು. ವೇದಿಕೆಯ ಮೇಲೆ ದೊಡ್ಡ ಅಧಿಕಾರಿ, ಅವರ ಎಡಕ್ಕೆ ಇಂಜಿನಿಯರು, ಬಲಕ್ಕೆ ಬರೆದುಕೊಳ್ಳುವ ಗುಮಾಸ್ತ. ಒಬ್ಬೊಬ್ಬರಿಗೆ ಮೂರು ನಿಮಿಷ, ಮೂರು ಮುಗಿದರೆ ಗಂಟೆ. ಮೂಲೆಮನೆಯ ಹೆಂಗಸು ಧೂಳಿನ ಬಗ್ಗೆ ದೂರಿದಳು. ಕೆಲಸವೇ ಶುರುವಾಗಿಲ್ಲವಲ್ಲ ಎಂದು ಅಧಿಕಾರಿ ಹೇಳಿದ್ದಕ್ಕೆ, ತನ್ನ ಮನೆಗೆ ಧೂಳು ಮುಂಗಡವಾಗಿ ಬಂದಿದೆ ಎಂದಳು. ಇನ್ನೊಬ್ಬರು ರಸ್ತೆಗೆ ಉಬ್ಬು ಹಾಕಲೇಬೇಕೆಂದು ಮೇಜು ಗುದ್ದಿದರು, ಆದರೆ ಉಬ್ಬು ಪಕ್ಕದ ಮನೆಯ ಮುಂದೆ ಇರಬೇಕೆಂದರು. ಪಕ್ಕದ ಮನೆಯವರು ಅದನ್ನು ಕೇಳಿಸಿಕೊಂಡು ಅವರ ಹತ್ತು ವರ್ಷದ ಹಿಂದಿನ ಒಂದು ಬಕೆಟಿನ ವಿಷಯ ಎತ್ತಿದರು. ಮೇಷ್ಟ್ರು ಹದಿನಾಲ್ಕು ಅಂಶಗಳ ಭಾಷಣ ತಂದಿದ್ದರು. ಮೊದಲ ಅಂಶದ ಪೀಠಿಕೆಯಲ್ಲೇ ಗಂಟೆ ಹೊಡೆಯಿತು. ಗುಮಾಸ್ತ ಮಾತ್ರ ಯಾರು ಏನು ಹೇಳಿದರೂ ‘ಗಮನಕ್ಕೆ ತೆಗೆದುಕೊಳ್ಳಲಾಗಿದೆ’ ಎಂದು ಒಂದೇ ಸಮನೆ ಬರೆಯುತ್ತಿದ್ದ.

ನೇರಪ್ಪನ ಸರದಿ ಬಂತು. ಬಾಯಿ ತೆರೆದ, ಗಾಳಿ ಬಂತು, ಮಾತು ಬರಲಿಲ್ಲ. ಹಲಗೆಯನ್ನು ಎತ್ತಿ ಹಿಡಿದ. ಸಭೆಯೆಲ್ಲ ಅದನ್ನು ಓದಿತು. ಆಮೇಲೆ ಮೇಷ್ಟ್ರು ಎದ್ದು, ಗದ್ಗದಿತರಾಗಿ, ಇದು ನಾಗರಿಕನೊಬ್ಬನ ಆತ್ಮಸಾಕ್ಷಿ, ರಸ್ತೆಯೂ ನಮ್ಮದು ರಸ್ತೆಯ ತಪ್ಪೂ ನಮ್ಮದು ಎಂದು ಸಾರುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ ಎಂದು ಕೇಳಿದರು. ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಒಬ್ಬರು ಆ ಹಲಗೆಯನ್ನು ಸಂಘದ ಕಚೇರಿಯಲ್ಲಿ ತಗುಲಿಹಾಕೋಣ ಎಂದರು. ನೇರಪ್ಪ ತಲೆಯಾಡಿಸಿ ಇಲ್ಲ ಇಲ್ಲ ಎಂದಷ್ಟೂ ಅವನ ವಿನಯಕ್ಕೆ ಚಪ್ಪಾಳೆ ಹೆಚ್ಚಾಯಿತು.

ಕೊನೆಗೆ ಅವನು ಹಲಗೆಯನ್ನು ನೆಲಕ್ಕೆ ಹಾಕಿ, ಗಂಟಲು ಹರಿಯುವ ಹಾಗೆ ಮಾತಾಡಿದ. "ನಾನು ಮಾಡಿದ್ದು ಸ್ವಾಮಿ. ಸೀಮೆಸುಣ್ಣದ ಗೆರೆ ನಮ್ಮಕ್ಕನ ಕೋಣೆ ಬಳಸ್ಕೊಂಡು ಹೋಗಿತ್ತು. ನಾನೇ ಒರೆಸಿ ನೇರ ಎಳೆದುಬಿಟ್ಟೆ. ಅವಳ ಕೋಣೆ ಬಿಟ್ಟುಬಿಡಿ."

ಚಪ್ಪಾಳೆ ನಿಂತಿತು. ಅಧಿಕಾರಿ ಇಂಜಿನಿಯರ ಮುಖ ನೋಡಿದರು. ಇಂಜಿನಿಯರು ಮಾತಾಡುವ ಮೊದಲೇ ಔಷಧಿ ಅಂಗಡಿಯವರು ಎದ್ದರು. ಸ್ವಂತ ಅಕ್ಕನ ಮನೆ ಅಂದರೆ ಯಾರಾದರೂ ಹೀಗೆ ಹೇಳಬೇಕಾದ್ದೇ, ಅವನ ಮೇಲೆ ತಮಗೆ ಬೇಸರವಿಲ್ಲ, ಆದರೆ ಗೆರೆ ಮೊದಲಿನಿಂದಲೂ ನೇರವಾಗಿಯೇ ಇದ್ದದ್ದು ತಮಗೆ ಚೆನ್ನಾಗಿ ನೆನಪಿದೆ ಎಂದರು. ತಮ್ಮ ಜಗಲಿಯ ಮಾತನ್ನು ಅವರು ಎತ್ತಲಿಲ್ಲ. ಒಬ್ಬರ ಗೆರೆ ಅಲುಗಿದರೆ ಎಲ್ಲರ ಗೆರೆಯೂ ಅಲುಗೀತು ಎಂಬ ಭಯ ಅಷ್ಟರಲ್ಲಿ ಸಭೆಯ ತುಂಬ ಹರಡಿತ್ತು. ಮೂಲೆಮನೆಯ ಹೆಂಗಸು ಧೂಳನ್ನು ಮರೆತು, ಗೆರೆ ಇದ್ದ ಹಾಗೇ ಇರಲಿ ಎಂದಳು. ಉಬ್ಬಿನವರೂ ಬಕೆಟಿನವರೂ ಹತ್ತು ವರ್ಷದಲ್ಲಿ ಮೊದಲ ಸಲ ಒಂದೇ ಮಾತು ಆಡಿದರು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ ಕೂತರು, ಒರೆಸುವುದು ಮುಗಿಯಲೇ ಇಲ್ಲ.

ದೊಡ್ಡ ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಸರ್ಕಾರಿ ಗುರುತನ್ನು ಒರೆಸುವುದು ಎಂಥ ಅಪರಾಧ ಎಂಬುದು ಈತನಿಗೆ ಗೊತ್ತಿದೆಯೋ ಇಲ್ಲವೋ ಎಂದು ಸಭೆಯನ್ನೇ ಕೇಳಿದರು. ಈತ ಹೇಳುತ್ತಿರುವುದು ಸುಳ್ಳಾದರೆ ಇಲ್ಲಿಗೆ ಮುಗಿಯಿತು. ನಿಜವಾದರೆ ಈಗಲೇ ಪೊಲೀಸರನ್ನು ಕರೆಸಬೇಕಾಗುತ್ತದೆ, ಕೇಸು ನಡೆಯುವವರೆಗೆ ಈತ ಒಳಗಿರಬೇಕಾಗುತ್ತದೆ. ಸೀಮೆಸುಣ್ಣದ ಗೆರೆ ಕಣ್ಣಾರೆ ನೋಡಿದವರು ಬೇರೆ ಯಾರಾದರೂ ಇದ್ದೀರಾ ಎಂದು ಕೇಳಿದರು.

ನೇರಪ್ಪ ಕರೆಸಿ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಕೋಣೆ ಕಳೆದುಕೊಳ್ಳುವವಳು ಅವಳೇ ಎಂದು ಗೊತ್ತಿದ್ದವರೆಲ್ಲ ತಿರುಗಿ ನೋಡಿದರು.

"ನಾನು ದಿನಾ ಆ ಕಿಟಕೀಲಿ ಕೂತಿರೋಳು," ಎಂದಳು. "ಗೆರೆ ಮೊದಲಿಂದಾನೂ ಅಲ್ಲೇ ಇತ್ತು. ನನ್ನ ತಮ್ಮನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ, ಏನೇನೋ ಹೇಳ್ತಾನೆ. ಅವನನ್ನ ಮನೆಗೆ ಕಳಿಸಿ."

ಅವಳು ಹೇಳಿದ ಮೇಲೆ ಇನ್ನು ಯಾರು ಏನು ಹೇಳುವುದಿತ್ತು. ಗುಮಾಸ್ತ ಅಂದು ಮೊದಲ ಸಲ ಬೇರೊಂದು ವಾಕ್ಯ ಬರೆದ: ಬಾಧಿತ ನಿವಾಸಿಯ ಒಪ್ಪಿಗೆ ಇದೆ. ಅಧಿಕಾರಿ ಅಕ್ಕನ ನಾಗರಿಕ ಪ್ರಜ್ಞೆಯನ್ನು ಮೆಚ್ಚಿ ನಾಲ್ಕು ಮಾತಾಡಿದರು. ಔಷಧಿ ಅಂಗಡಿಯವರು ಚಪ್ಪಾಳೆ ತಟ್ಟಲು ಎರಡೂ ಕೈ ಎತ್ತಿದರು, ಅಕ್ಕ ಅವರ ಕಡೆ ನೋಡಿದಳು, ಕೈಗಳು ಹಾಗೆಯೇ ಇಳಿದವು.

ದಾರಿಯುದ್ದಕ್ಕೂ ನೇರಪ್ಪ ಗೊಣಗುತ್ತಾ ಬಂದ. ಅಕ್ಕನಿಗೆ ಏನೂ ಗೊತ್ತಿಲ್ಲ, ಕಣ್ಣು ಮಂಜು, ಸೀಮೆಸುಣ್ಣ ಕಂಡೇ ಇಲ್ಲ, ಗೊತ್ತಿಲ್ಲದೆ ಎದ್ದು ನಿಂತು ಎಲ್ಲ ಹಾಳುಮಾಡಿಬಿಟ್ಟಳು ಎಂದು ಹೆಂಡತಿಯ ಹತ್ತಿರ ಹಲುಬಿದ. ಅವನು ಮರುದಿನದಿಂದ ಕುಂಚ ಮುಟ್ಟಲಿಲ್ಲ. ಬೇರೆ ಮೂರು ಬೀದಿಗಳ ಗೆರೆ ಎಳೆಯಲು ಪುರಸಭೆಯಿಂದ ಎರಡು ಸಲ ಹೇಳಿಕಳಿಸಿದರು, ಎರಡು ಸಲವೂ ಜ್ವರ ಎಂದು ಹೇಳಿಸಿದ. ಸುಳ್ಳೇನೂ ಅಲ್ಲ, ಅವನ ಮೈ ನಿಜಕ್ಕೂ ಸುಡುತ್ತಿತ್ತು.

ಕೋಣೆ ಒಡೆಯುವ ದಿನ ಬೆಳಿಗ್ಗೆ ಅವನೂ ಅಕ್ಕನೂ ಸೇರಿ ಹೊಲಿಗೆ ಯಂತ್ರವನ್ನು ಹೊರಗೆ ತಂದರು. ಅವನ ಮನೆಯ ಪಡಸಾಲೆಯಲ್ಲಿ ಜಾಗ ಮಾಡಿದ್ದರು. ಅಲ್ಲಿ ಕಿಟಕಿ ಇತ್ತು, ಆದರೆ ಅದರಾಚೆ ಒಂದು ಮೊಳ ದೂರಕ್ಕೆ ಪಕ್ಕದವರ ಗೋಡೆ. ಆ ಬೆಳಕಿನಲ್ಲಿ ಅಕ್ಕ ಏನು ಹೊಲಿಯಬಹುದು ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಿರಲಿಲ್ಲ. ಹಿಂದೆ ಬುಲ್ಡೋಜರು ಬಂದು ನಿಂತಿತ್ತು. ಅದರ ಡ್ರೈವರು ಇಳಿದು ಬಂದು ಗೆರೆಯನ್ನು ಬೆರಳಿನಿಂದ ಮುಟ್ಟಿ, ಇಷ್ಟು ಸ್ಪಷ್ಟವಾಗಿ ಗುರುತು ಹಾಕಿದರೆ ನಮಗೆ ಎಷ್ಟು ಸುಲಭ ಎಂದು ಇಂಜಿನಿಯರಿಗೆ ಹೇಳುತ್ತಿದ್ದುದು ಕೇಳಿಸಿತು.

ಯಂತ್ರದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಅಕ್ಕನ ಕೈಯಲ್ಲಿ. ನಡುಬೀದಿಗೆ ಬಂದಾಗ ಅವನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಅಕ್ಕಾ, ನಿನಗೆ ಗೊತ್ತಿಲ್ಲ. ಸೀಮೆಸುಣ್ಣದ ಗೆರೆ ನಿನ್ನ ಕೋಣೆ ಬಿಟ್ಟು ಹೋಗಿತ್ತು. ನಾನು ಸಭೇಲಿ ಹೇಳಿದ್ದು ನಿಜ."

"ಗೊತ್ತು ಕಣೋ," ಎಂದಳು ಅಕ್ಕ. "ಆ ಅಳತೆಯವನು ನೀರು ಕುಡೀವಾಗ ಹೇಳಿದ್ನಲ್ಲ, ಅಮ್ಮ ನಿಮ್ಮ ಕೋಣೆ ಉಳೀತು ಅಂತ."

ಅವನು ನಿಂತುಬಿಟ್ಟ. ಅಕ್ಕನೂ ನಿಲ್ಲಬೇಕಾಯಿತು. ಯಂತ್ರವನ್ನು ಕೆಳಗಿಟ್ಟರು.

"ಮತ್ತೆ ನಾನು ದಾರ ಬಿಗೀತಿದ್ದಾಗ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಬಟ್ಟೆ ಕೆಳಗಿಟ್ಟು ಎದ್ದೆ. ಅಷ್ಟೊತ್ತಿಗೆ ಮೇಷ್ಟ್ರು ಬಂದು ಹೊಗಳೋಕೆ ಶುರು ಮಾಡಿದ್ರು. ಜನ ಎಲ್ಲ ಸುತ್ತ ನಿಂತಿದ್ರು. ನಿನ್ನ ಕೆಲಸಾನ ಜನ ನಿಂತು ನೋಡಿದ್ದು ನಾನು ಅವತ್ತೇ ಕಂಡಿದ್ದು. ನಿನ್ನ ಮುಖ ನೋಡಿದೆ." ಅವಳು ಸೆರಗಿನಿಂದ ಯಂತ್ರದ ಚಕ್ರದ ಮೇಲಿನ ಧೂಳು ಒರೆಸಿದಳು. "ಜನ ಹೋಗಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಅವರು ಹೋಗೋ ಹೊತ್ತಿಗೆ ಬಣ್ಣ ಒಣಗಿಹೋಗಿತ್ತು."

ನೇರಪ್ಪ ಬೀದಿಯ ನಡುವೆ ಯಂತ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಜಗಲಿಯ ಮೇಲೆ ನಿಂತಿದ್ದ ಔಷಧಿ ಅಂಗಡಿಯವರು ಒಳಗೆ ಹೋದರು. ಹಿಂದೆ ಗೋಡೆಗೆ ಮೊದಲ ಏಟು ಬಿತ್ತು. ಅಕ್ಕ ತಿರುಗಿ ನೋಡಲಿಲ್ಲ. ಅವನ ಅಳು ಸ್ವಲ್ಪ ಇಳಿಯುವವರೆಗೆ ಕಾದು, ಬಗ್ಗಿ ಯಂತ್ರದ ತನ್ನ ಕಡೆಯ ತುದಿಯನ್ನು ಹಿಡಿದಳು.

"ಏಳು, ಹಿಡ್ಕೋ," ಎಂದಳು. "ಬಿಸಿಲು ಏರ್ತಾ ಇದೆ."